ಗುಡ್ಡ ಓಗೊಡದ ಅಮಾವಾಸ್ಯೆ

ನಮ್ಮೂರಿನಲ್ಲಿ ಯಾರು ಊರಿನವರು ಎಂದು ಹೇಳುವುದು ಗುಡ್ಡ. ಗುಡ್ಡ ಹೇಳಿದ್ದನ್ನು ಊರಿಗೆ ಹೇಳುವುದು ನಾನು. ಹಳೆಯ ಸುಣ್ಣದ ಭಟ್ಟಿಯ ಕಟ್ಟೆಯ ಮೇಲೆ ನಿಂತು, ಗುಡ್ಡಕ್ಕೆ ಮುಖ ಮಾಡಿ ‘ಅವ್ವಾ’ ಎಂದು ಕರೆಯಬೇಕು. ಕರೆದವರು ಊರಿನವರಾಗಿದ್ದರೆ ಗುಡ್ಡ ‘ಓ’ ಎನ್ನುತ್ತದೆ. ಹೊರಗಿನವರಾಗಿದ್ದರೆ ಸುಮ್ಮನಿರುತ್ತದೆ. ಗಂಟಲು ಹರಿಯುವ ಹಾಗೆ ಕೂಗಿದರೂ ಅಷ್ಟೇ, ಪಿಸುಗುಟ್ಟಿದರೂ ಅಷ್ಟೇ.

ಮದುವೆಯಾಗಿ ಬಂದ ಹೆಣ್ಣುಮಕ್ಕಳಲ್ಲಿ ಕೆಲವರಿಗೆ ಎಂಟೇ ದಿನಕ್ಕೆ ಓಗೊಟ್ಟದ್ದುಂಟು; ಕೆಲವರಿಗೆ ಮೂರು ಹೆತ್ತ ಮೇಲೆ. ಹತ್ತೊಂಬತ್ತು ವರ್ಷ ಇಲ್ಲಿ ಕೆಲಸ ಮಾಡಿದ ಪೋಸ್ಟ್ ಮಾಸ್ತರರಿಗೆ ಒಮ್ಮೆಯೂ ಓಗೊಟ್ಟಿರಲಿಲ್ಲ. ನಿವೃತ್ತರಾಗಿ ಟ್ರಂಕಿನ ಜೊತೆ ಬಸ್ಸು ಹತ್ತಿ ಹೊರಟವರು, ತಿರುವಿನಲ್ಲಿ ಕಿಟಕಿಯಿಂದ ತಲೆ ಹೊರಹಾಕಿ, ತಮಾಷೆಗೆ, ‘ಅವ್ವಾ, ಬರ್ತೀನಿ’ ಅಂದರಂತೆ. ಗುಡ್ಡ ‘ಓ’ ಎಂದಿತು. ತಿರುವು ಗುಡ್ಡಕ್ಕೆ ಅಂಟಿಕೊಂಡೇ ಇರುವುದರಿಂದ ಅದು ಅವರಿಗೆ ಕೇಳಿಸಿತು; ಅಲ್ಲೇ ಇಳಿದು, ಟ್ರಂಕು ಹೊತ್ತುಕೊಂಡು ವಾಪಸ್ ನಡೆದು ಬಂದರು. ಈಗಲೂ ಹಳೇ ಪೋಸ್ಟಾಫೀಸಿನ ಹಿಂದಿನ ಓಣಿಯಲ್ಲಿದ್ದಾರೆ.

ಗುಡ್ಡದ ದನಿ ದೊಡ್ಡದಲ್ಲ. ಕಟ್ಟೆಯ ಪಕ್ಕದಲ್ಲಿ ಹಾಸಿಕೊಂಡಿರುವ ಒಂದು ಬಂಡೆಗೆ ಕಿವಿಯಿಟ್ಟರೆ ಮಾತ್ರ ಸ್ಪಷ್ಟವಾಗಿ ತಿಳಿಯುತ್ತದೆ. ಅದಕ್ಕೆ ಕಿವಿಗಲ್ಲು ಎನ್ನುತ್ತೇವೆ. ನಮ್ಮದು ಸುಣ್ಣ ಸುಡುವ ಊರು. ಮಕ್ಕಳು ಹುಟ್ಟಿದಾಗಿನಿಂದ ಗಣಿಯ ಸಿಡಿಮದ್ದಿನ ಸದ್ದು ಕೇಳಿ ಕೇಳಿ, ಇಪ್ಪತ್ತೈದು ದಾಟುವ ಹೊತ್ತಿಗೆ ಎಲ್ಲರ ಕಿವಿಯೂ ಮಂದವಾಗಿರುತ್ತದೆ. ಬಸ್ಸಿನಲ್ಲಿ ನಮ್ಮೂರಿನ ಇಬ್ಬರು ಸುಖದುಃಖ ಮಾತಾಡಿಕೊಂಡರೆ ಪಕ್ಕದ ಊರಿನವರು ಜಗಳ ಬಿಡಿಸಲು ಬರುತ್ತಾರೆ. ಹಾಗಾಗಿ ಗಣಿಗೆ ಹೋಗದ ಒಂದು ಮನೆತನ ಊರಿಗೆ ಬೇಕಾಗಿತ್ತು. ಅದು ನಮ್ಮದು. ಅಜ್ಜ ಕೇಳುತ್ತಿದ್ದರು, ಅಪ್ಪ ಕೇಳುತ್ತಿದ್ದರು, ಏಳು ವರ್ಷದಿಂದ ನಾನು ಕೇಳುತ್ತಿದ್ದೇನೆ. ಉಳಿದ ದಿನಗಳಲ್ಲಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ.

ಅಪ್ಪ ಹೋಗುವ ಮೊದಲು ನನಗೆ ಒಂದೇ ಮಾತು ಹೇಳಿದ್ದರು. ‘ಕೇಳಿಸಿದ್ದನ್ನ ಹೇಳು ಚಂಪಾ. ಜನ ಮುಖ ನೋಡ್ತಾರೆ, ನೀನು ಅವರ ಮುಖ ನೋಡಬೇಡ.’ ನಾನು ಹುಟ್ಟಾ ಅಂಜುಬುರುಕಿ. ಬಾಗಿಲು ಹಾಕಿದ ಮೇಲೆ ಮೂರು ಸಲ ಎಳೆದು ನೋಡುತ್ತೇನೆ. ಬೀದಿಯಲ್ಲಿ ಯಾರ ಚಪ್ಪಲಿ ಹೊಸದು, ಯಾರ ಮನೆಯ ಹೊಗೆ ಇವತ್ತು ತಡವಾಗಿ ಎದ್ದಿತು ಎಂಬುದೆಲ್ಲ ನನಗೆ ಬೇಡವೆಂದರೂ ಕಣ್ಣಿಗೆ ಬೀಳುತ್ತದೆ. ಕಾಲೇಜಿನಲ್ಲಿ ಗೆಳತಿಯರು ಇದನ್ನು ಕಾಯಿಲೆ ಎನ್ನುತ್ತಿದ್ದರು. ಇಲ್ಲಿ ಇದೇ ನನ್ನ ಕಸುಬು, ಮತ್ತು ನಾನು ನನ್ನ ಕಸುಬನ್ನು ಚೆನ್ನಾಗಿ ಬಲ್ಲೆ.

ಆದರೆ ಒಂದು ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಐದು ವರ್ಷ ದೂರದ ನಗರದಲ್ಲಿ ಓದಿ ಹಿಂದಿರುಗಿದ ಮೇಲೆ ನಾನು ಒಮ್ಮೆಯೂ ‘ಅವ್ವಾ’ ಎಂದು ಕರೆದಿರಲಿಲ್ಲ. ಬೇರೆಯವರು ನಾಲ್ಕು ದಿನ ಬೀಗರ ಊರಿಗೆ ಹೋಗಿ ಬಂದರೂ ಕಟ್ಟೆ ಹತ್ತಿ ಕರೆದು ಬರುತ್ತಾರೆ. ನಾನು ಬಂದ ವಾರವೇ ಅಪ್ಪ ಹಾಸಿಗೆ ಹಿಡಿದರು, ನಾನು ಕಿವಿಗಲ್ಲಿನ ಮುಂದೆ ಕುಳಿತೆ. ಕೇಳುವವಳನ್ನು ಪರೀಕ್ಷೆ ಮಾಡುವ ಪದ್ಧತಿ ಇಲ್ಲ. ಆ ಪದ್ಧತಿ ಇಲ್ಲದ್ದು ನನಗೆ ಅನುಕೂಲವಾಗಿತ್ತು.

ಊರಿನಿಂದ ಗಡಿ ಹನ್ನೆರಡು ಮೈಲಿ. ಗುಡ್ಡದ ಬೆನ್ನಿಗೆ ಒಂದು ಕಮರಿ, ಕಮರಿಗೆ ಒಂದು ಸೇತುವೆ. ಸೇತುವೆಯ ಒಂದು ಕಾಲು ನಮ್ಮ ಗುಡ್ಡದ ಪಾದದಲ್ಲೇ ಊರಿಕೊಂಡಿದೆ. ಗಡಿಯಲ್ಲಿರುವ ಸೈನಿಕರಿಗೆ ಅಕ್ಕಿ, ಸೀಮೆಎಣ್ಣೆ, ಮದ್ದುಗುಂಡು, ಕಾಗದ ಎಲ್ಲ ಹೋಗುವುದು ಅದರ ಮೇಲೆಯೇ. ಅದನ್ನು ಕಾಯಲು ಸರ್ಕಾರ ಕೊಟ್ಟಿದ್ದು ಒಂದು ಪೊಲೀಸ್ ಠಾಣೆ, ಒಬ್ಬ ಸಬ್ ಇನ್‌ಸ್ಪೆಕ್ಟರು, ಇಬ್ಬರು ಕಾನ್‌ಸ್ಟೇಬಲ್‌ಗಳು. ಉಳಿದದ್ದನ್ನು ಊರೇ ನೋಡಿಕೊಳ್ಳುತ್ತಿತ್ತು. ಕಾವಲು ಕೂಟದಲ್ಲಿ ನಲವತ್ತು ಜನ. ಬಿಳಿ ಕೈಪಟ್ಟಿ, ಒಂದು ಸೀಟಿ, ಒಂದು ದೊಣ್ಣೆ. ಅದರ ಯಜಮಾನ ಹಾಲಪ್ಪ, ದೊಡ್ಡ ಭಟ್ಟಿಯ ಮೇಸ್ತ್ರಿ. ಅಪ್ಪನ ಗೆಳೆಯರಾದ್ದರಿಂದ ನನಗೆ ಮಾವ. ಹನ್ನೆರಡು ವರ್ಷದಿಂದ ಆ ದಾರಿಯಲ್ಲಿ ಒಂದು ಕಲ್ಲು ಕೂಡ ಅವರಿಗೆ ಗೊತ್ತಿಲ್ಲದೆ ಉರುಳಿರಲಿಲ್ಲ.

ಆ ಅಮಾವಾಸ್ಯೆಗೆ ಎರಡು ದಿನ ಮೊದಲು ಕೂಟದವರು ಒಬ್ಬನನ್ನು ಹಿಡಿದರು. ಹೆಸರು ತಿಮ್ಮರಾಜು. ಸುಣ್ಣ ಸೋಸುವ ತಂತಿಯ ಜರಡಿ ಹೆಣೆಯುವವನು. ಊರಿಗೆ ಬಂದು ಮೂರು ವಾರವಾಗಿತ್ತು. ಚೀಲದಲ್ಲಿ ಸಿಕ್ಕಿದ್ದು ನಾಲ್ಕು ಸುರುಳಿ ತಂತಿ, ಎರಡು ಇಕ್ಕಳ, ಒಂದು ನೋಟ್ ಪುಸ್ತಕ. ಪುಸ್ತಕದ ತುಂಬ ‘ಅಂಗುಲಕ್ಕೆ ಹದಿನಾರು’, ‘ಅಂಗುಲಕ್ಕೆ ಇಪ್ಪತ್ನಾಲ್ಕು’ ಎಂದು ಬರೆದಿತ್ತು. ಜರಡಿಯ ಕಣ್ಣಿನ ಲೆಕ್ಕ ಎಂದು ಅವನು ಹೇಳಿದ. ಗೂಢಲಿಪಿ ಎಂದು ಕೂಟ ಹೇಳಿತು. ಸೇತುವೆಯ ಕೆಳಗೆ ನೀರು ಕುಡಿಯಲು ಇಳಿದಿದ್ದ ಎನ್ನುವುದು ಎಲ್ಲಕ್ಕಿಂತ ದೊಡ್ಡ ಅಪರಾಧವಾಯಿತು. ಸುಣ್ಣದ ಗೋದಾಮಿನಲ್ಲಿ ಅವನನ್ನು ಕಟ್ಟಿಹಾಕಿದರು. ಅಮಾವಾಸ್ಯೆಯ ದಿನ ಗಣಿಗೆ ರಜಾ. ಅವತ್ತೇ ಕರೆಸಿ ನೋಡುವುದು ಪದ್ಧತಿ. ಗುಡ್ಡ ಸುಮ್ಮನಿದ್ದರೆ, ಮೂರು ಗಂಟೆಗೆ ಗಡಿಗೆ ಹೋಗುವ ಲಾರಿಯಲ್ಲಿ ಅವನನ್ನು ಹತ್ತಿಸಿ ಸೈನಿಕರ ಕೈಗೆ ಒಪ್ಪಿಸುವುದೆಂದು ಹಾಲಪ್ಪ ಮಾವ ತೀರ್ಮಾನಿಸಿದ್ದರು. ಹಿಂದೆ ಇಬ್ಬರನ್ನು ಹಾಗೆ ಕಳಿಸಿದ್ದೆವು. ಆ ಇಬ್ಬರಿಗೂ ಗುಡ್ಡ ಓಗೊಡಲಿಲ್ಲ ಎಂದು ಹೇಳಿದವಳು ನಾನೇ. ಅವರು ಏನಾದರು ಎಂದು ಯಾರೂ ಕೇಳಿರಲಿಲ್ಲ. ನಾನು ಮಾತ್ರ ಅವರ ಹೆಸರುಗಳನ್ನು ಮರೆತಿರಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ನಾನು ಕಟ್ಟೆಗೆ ಹೋಗುತ್ತಿದ್ದಾಗ ಗುರುಬಸು ಎದುರಿಗೆ ಬಂದ. ಕೂಟದ ಸದಸ್ಯ, ಗಣಿಯಲ್ಲಿ ಸಿಡಿಮದ್ದಿನ ಕೋಣೆಯ ಬೀಗ ಅವನದೇ. ಊರೆಲ್ಲ ಕಟ್ಟೆಯ ಹತ್ತಿರ ಸೇರುವ ದಿನ ಸೇತುವೆಗೂ ಒಬ್ಬರು ಬೇಕಲ್ಲ. ಐದು ತಿಂಗಳಿನಿಂದ ಆ ಬೇಸರದ ಕೆಲಸವನ್ನು ಅವನೇ ಕೇಳಿ ಪಡೆಯುತ್ತಿದ್ದ. ಎಲ್ಲರೂ ಅವನನ್ನು ಹೊಗಳುತ್ತಿದ್ದರು. ಅವನ ಕೈಯಲ್ಲಿ ನಾಲ್ಕು ಅಂತಸ್ತಿನ ಊಟದ ಕ್ಯಾರಿಯರು, ಹೆಗಲಿಗೆ ಎರಡು ನೀರಿನ ಬಾಟಲಿ.

‘ಏನ್ ಗುರುಬಸಣ್ಣ, ಯಾರಿಗೆ ಇಷ್ಟೊಂದು ಬುತ್ತಿ?’ ಎಂದೆ.

‘ನಂಗೇ ಕಣಕ್ಕ. ಕುಂತಲ್ಲೇ ಕುಂತ್ರೆ ಹಸಿವು ಜಾಸ್ತಿ’ ಎಂದು ನಕ್ಕ. ‘ನಿನ್ ಕಣ್ಣು ಬಿತ್ತಲ್ಲ, ಇನ್ನು ಅರಗಲ್ಲ ಬಿಡು.’

ನಾನೂ ನಕ್ಕೆ. ಆದರೆ ಅವನು ದಾಟಿ ಹೋದ ಮೇಲೆ, ಕ್ಯಾರಿಯರಿನ ಜೊತೆ ಕೆಂಪು ಬಟ್ಟೆಯಲ್ಲಿ ಸುತ್ತಿದ, ಅಂಚು ಹೊರಗೆ ಕಾಣುತ್ತಿದ್ದ ಮೂರು ಸ್ಟೀಲು ಲೋಟಗಳಿದ್ದುವು ಎಂದು ಮನಸ್ಸು ತನ್ನಷ್ಟಕ್ಕೆ ಎಣಿಸಿಕೊಂಡಿತು. ಎಣಿಸುವುದು ಅದರ ಚಟ. ಅದಕ್ಕೇನು ಅರ್ಥ ಎಂದು ಆಗ ಯೋಚಿಸಲಿಲ್ಲ.

ಕಟ್ಟೆಯ ಹತ್ತಿರ ಆಗಲೇ ಗಲಾಟೆ. ಸಬ್ ಇನ್‌ಸ್ಪೆಕ್ಟರ್ ನಾಗಭೂಷಣ ಬಂದಿದ್ದರು. ಹೊರಗಿನವರು, ನಮ್ಮೂರಿಗೆ ಬಂದು ಎರಡು ವರ್ಷ. ಗುಡ್ಡ ಅವರಿಗೆ ಓಗೊಟ್ಟಿಲ್ಲ. ಅವರು ಅದಕ್ಕೆ ಬೇಸರಿಸಿಕೊಂಡವರಲ್ಲ; ಪ್ರತಿ ಅಮಾವಾಸ್ಯೆ ಬಂದು, ಟೋಪಿ ತೆಗೆದು, ನನ್ನ ಪಕ್ಕದಲ್ಲಿ ಬಂಡೆಗೆ ಕಿವಿಯಿಟ್ಟು ಕೂರುತ್ತಿದ್ದರು. ಮೊದಲ ಆರು ತಿಂಗಳು ಅವರಿಗೆ ಏನೂ ತಿಳಿಯುತ್ತಿರಲಿಲ್ಲ. ಆಮೇಲೆ ತಿಳಿಯತೊಡಗಿತು. ಗಣಿಯಲ್ಲಿ ಕೆಟ್ಟಿರದ ಕಿವಿ.

‘ಎರಡು ದಿನ ಒಬ್ಬ ಮನುಷ್ಯನ್ನ ಗೋದಾಮಲ್ಲಿ ಕಟ್ಟಿಹಾಕಿದೀರಿ, ಠಾಣೆಗೆ ಒಂದು ಮಾತು ಹೇಳಿಲ್ಲ’ ಎನ್ನುತ್ತಿದ್ದರು ಎಸ್‌ಐ. ‘ನೋಡಿದ್ದು ಹೇಳೋದು ನಿಮ್ಮ ಕೆಲಸ ಹಾಲಪ್ಪನವರೇ. ಹಿಡಿಯೋದು ನನ್ನ ಕೆಲಸ.’

‘ಹೇಳಾದ ಮ್ಯಾಲೆ ನೀವು ಬರಾದು ಯಾವಾಗ ಸ್ವಾಮಿ?’ ಮಾವ ಕೈಯನ್ನು ಕಿವಿಯ ಹಿಂದೆ ಇಟ್ಟುಕೊಂಡೇ ಮಾತಾಡುತ್ತಾರೆ. ‘ಹೋದ ಸಲ ಹೇಳಿದ್ದಕ್ಕೆ ನಿಮ್ ಜೀಪಿಗೆ ಡೀಸೆಲ್ ಇರ್ಲಿಲ್ಲ. ಅದಕ್ಕೆ ಮುಂಚಿನ ಸಲ ಡ್ರೈವರ್ ಇರ್ಲಿಲ್ಲ. ಸೇತುವೆ ಬಿದ್ದ ಮ್ಯಾಲೆ ಪಂಚನಾಮೆಗೆ ಬರ್ತೀರೇನು?’

ಜನ ನಕ್ಕರು. ಎಸ್‌ಐ ಕೂಡ ಅರೆಕ್ಷಣ ನಕ್ಕರು. ಆಮೇಲೆ, ‘ಸರಿ, ಗುಡ್ಡಾನೇ ಕೇಳೋಣ. ಆದ್ರೆ ಲಾರಿ ಹತ್ತಿಸೋದಿಲ್ಲ. ನನ್ನ ಠಾಣೆಗೇ ಕಳಿಸ್ಬೇಕು’ ಎಂದರು.

‘ಗುಡ್ಡ ಸುಮ್ಕಿದ್ರೆ ಲಾರಿ’ ಎಂದರು ಮಾವ. ನಲವತ್ತು ದೊಣ್ಣೆಗಳು ಅವರ ಬೆನ್ನಿಗಿದ್ದುವು.

ತಿಮ್ಮರಾಜುವನ್ನು ತಂದು ನಿಲ್ಲಿಸಿದರು. ಗೋದಾಮಿನ ಸುಣ್ಣದ ಹುಡಿಗೆ ರೆಪ್ಪೆಯವರೆಗೂ ಬೆಳ್ಳಗಾಗಿದ್ದ. ಕಣ್ಣು ಕೆಂಪಗೆ ಉರಿಯುತ್ತಿದ್ದುವು. ‘ಏನಂತ ಕರೀಬೇಕು?’ ಎಂದು ನನ್ನನ್ನೇ ಕೇಳಿದ.

‘ಅವ್ವಾ ಅಂತ’ ಎಂದೆ.

‘ನಮ್ಮ ಕಡೆ ಅಮ್ಮ ಅಂತೀವಿ. ತಪ್ಪಾಗುತ್ತಾ?’

‘ತಪ್ಪಿಲ್ಲ. ಕರಿ.’

ಅವನು ಕರೆದ. ನಾನು ಬಂಡೆಗೆ ಕಿವಿಯಿಟ್ಟೆ. ಎದುರುಗಡೆ ಎಸ್‌ಐ ಕೂಡ ಕಿವಿಯಿಟ್ಟರು. ಅವನ ದನಿ ಗುಡ್ಡದವರೆಗೆ ಹೋಗಿದ್ದು ತಿಳಿಯಿತು. ಹಿಂದಕ್ಕೆ ಏನೂ ಬರಲಿಲ್ಲ. ನಾನು ಮೂವತ್ತರವರೆಗೆ ಎಣಿಸಿದೆ.

ಎದ್ದು ‘ಬರಲಿಲ್ಲ’ ಎಂದು ಹೇಳಬೇಕು. ಅಷ್ಟೇ ನನ್ನ ಕೆಲಸ. ಏಳು ವರ್ಷ ಆ ಮಾತನ್ನು ಎಷ್ಟೋ ಸಲ ಹೇಳಿದ್ದೇನೆ. ಆದರೆ ಆ ದಿನ ಅದು ನಾಲಿಗೆಯ ತುದಿಯಲ್ಲಿ ನಿಂತಿತು. ಹೊರಗಿನವರು ಕರೆದಾಗ ಗುಡ್ಡ ಸುಮ್ಮನಿರುವುದೆಂದರೆ, ಮನೆಯ ಹೆಂಗಸು ಬಾಗಿಲಲ್ಲಿ ನಿಂತ ಅಪರಿಚಿತನನ್ನು ನೋಡಿ ಮಾತಾಡದೆ ಇರುವ ಹಾಗೆ. ಒಳಗೆ ಯಾರೋ ಇದ್ದಾರೆ ಎಂದು ಗೊತ್ತಾಗುತ್ತದೆ. ಆ ದಿನದ ಮೌನ ಹಾಗಿರಲಿಲ್ಲ. ಹಲ್ಲು ಕಚ್ಚಿ ನೋವು ತಡೆದುಕೊಂಡವರ ಮೌನವಾಗಿತ್ತು.

‘ಏನಾತು ಚಂಪಾ?’ ಮಾವ ಕೂಗಿದರು.

‘ಮಾವ, ಒಂದು ನಿಮಿಷ. ಊರಿನವರು ಯಾರಾದರೂ ಒಬ್ಬರು ಕರೆಯಿರಿ.’

‘ಯಾಕೆ?’

‘ಗುಡ್ಡ ಇವತ್ತು ಮಾತಾಡ್ತಿದೆಯಾ ಅಂತ ತಿಳಿಯಬೇಕು.’

ಜನರಲ್ಲಿ ಗುಜುಗುಜು ಎದ್ದಿತು. ಊರಿನವನೊಬ್ಬ ಹತ್ತು ಜನರ ಎದುರು ಕಾರಣವಿಲ್ಲದೆ ಕರೆಯುವುದೆಂದರೆ ತನ್ನ ಹುಟ್ಟನ್ನೇ ಪರೀಕ್ಷೆಗೆ ಇಟ್ಟ ಹಾಗೆ. ‘ಇವನ ಸಲುವಾಗಿ ನಾವು ಕರೀಬೇಕಾ? ನಾವೇನ್ ಜರಡಿ ಮಾರಕ್ಕೆ ಬಂದೋರಾ?’ ಎಂದು ಯಾರೋ ಹಿಂದಿನಿಂದ ಅಂದರು. ಮಾವನ ಮುಖ ಗಂಟಿಕ್ಕಿತು. ‘ನಿಮ್ಮಪ್ಪ ಒಂದು ದಿನ ಇಂಥಾ ಮಾತಾಡಿರ್ಲಿಲ್ಲ. ಬಂತೋ ಇಲ್ವೋ, ಅಷ್ಟು ಹೇಳು.’

ಮುಂದೆ ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಯಾರೂ ಕರೆಯದಿದ್ದರೆ ಊರಿನವಳು ಎನ್ನಿಸಿಕೊಂಡ ನಾನೊಬ್ಬಳು ಇದ್ದೆ. ತಿಮ್ಮರಾಜು ನನ್ನನ್ನೇ ನೋಡುತ್ತಿದ್ದ, ಏನೂ ಬೇಡದೆ, ಸುಮ್ಮನೆ. ಮರೆಯದೆ ಉಳಿದ ಆ ಇಬ್ಬರ ಹೆಸರಿಗೆ ಮೂರನೆಯದನ್ನು ಸೇರಿಸಲು ನನಗೆ ಆಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಕಟ್ಟೆ ಹತ್ತಿದೆ. ಎಸ್‌ಐಗೆ, ‘ಸರ್, ನೀವು ಕಿವಿ ಇಟ್ಟುಕೊಂಡೇ ಇರಿ’ ಎಂದೆ. ಹನ್ನೆರಡು ವರ್ಷದ ಮೇಲೆ ಆ ಶಬ್ದ ನನ್ನ ಬಾಯಿಂದ ಹೊರಟಿತು.

‘ಅವ್ವಾ!’

ಎಸ್‌ಐ ಬಹಳ ಹೊತ್ತು ತಲೆ ಎತ್ತಲಿಲ್ಲ. ಎತ್ತಿದಾಗ ನನ್ನ ಕಡೆ ನೋಡಲು ಅವರಿಗೆ ಕಷ್ಟವಾಗಿತ್ತು. ‘ಇಲ್ಲ ಟೀಚರ್’ ಎಂದರು.

ಜನರ ನಡುವಿನಿಂದ ಯಾರೋ, ‘ಓದಕ್ಕೆ ಹೋಗಿದ್ಲಲ್ಲ...’ ಎಂದರು. ಪಿಸುಮಾತು ಎಂದು ಅವರು ಅಂದುಕೊಂಡಿರಬೇಕು. ಕಿವಿ ಮಂದವಾದವರ ಪಿಸುಮಾತು ಇಡೀ ಬಯಲಿಗೆ ಕೇಳಿಸಿತು.

‘ಹೌದು, ನನಗೂ ಬರಲಿಲ್ಲ’ ಎಂದೆ, ಗಟ್ಟಿಯಾಗಿ. ‘ಈಗ ಎರಡೇ ದಾರಿ. ನಾನು ಹೊರಗಿನವಳು, ಇಲ್ಲವೇ ಗುಡ್ಡ ಯಾರಿಗೂ ಓಗೊಡುತ್ತಿಲ್ಲ. ಯಾವುದು ಅಂತ ಹೇಳೋದು ನಿಮ್ಮೊಬ್ಬರ ಕೈಲೇ ಆಗೋದು, ಮಾವ.’

ಹಾಲಪ್ಪ ಮಾವ ದೊಣ್ಣೆಯನ್ನು ಪಕ್ಕದವನ ಕೈಗೆ ಕೊಟ್ಟರು. ಕಟ್ಟೆ ಹತ್ತಿ, ತಲೆಯ ಪೇಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಕರೆದರು. ನಾನೂ ಎಸ್‌ಐಯೂ ಎದುರುಬದುರು ಬಂಡೆಗೆ ಕೆನ್ನೆಯಿಟ್ಟು, ಒಬ್ಬರ ಕಣ್ಣನ್ನೊಬ್ಬರು ನೋಡುತ್ತ ಕೇಳಿದೆವು.

‘ಬರಲಿಲ್ಲ ಮಾವ.’

‘ನನಗೂ ಕೇಳಿಸ್ಲಿಲ್ಲ’ ಎಂದರು ಎಸ್‌ಐ.

ಮಾವ ಅಲ್ಲೇ ಕುಸಿದು ಕೂತರು. ‘ಮೂರು ತಲೆಮಾರು ಇಲ್ಲೇ ಸುಟ್ಟು ಸುಣ್ಣ ಆಗೀವಿ ಕಣವ್ವ’ ಎಂದರು, ಬಂಡೆಗೋ ನನಗೋ ತಿಳಿಯಲಿಲ್ಲ.

ಆಗ ನಾನು ಇನ್ನೊಮ್ಮೆ ಕಿವಿಯಿಟ್ಟೆ. ಈ ಸಲ ‘ಓ’ಗಾಗಿ ಅಲ್ಲ. ನನ್ನ ತಪ್ಪು ನನಗೆ ಹೊಳೆದಿತ್ತು. ಏಳು ವರ್ಷವೂ ನಾನು ಆ ಒಂದು ದನಿಗಾಗಿ ಮಾತ್ರ ಕೇಳುತ್ತಿದ್ದೆ. ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕಿವಿ ತಾನಾಗಿ ತಳ್ಳಿಹಾಕುತ್ತಿತ್ತು. ತಳ್ಳಿಹಾಕಿದ್ದನ್ನು ಈಗ ಹೆಕ್ಕಿದೆ. ಬಹಳ ಆಳದಲ್ಲಿ, ಬಹಳ ದೂರದಲ್ಲಿ: ಟಿಣ್. ಸ್ವಲ್ಪ ಬಿಟ್ಟು ಮತ್ತೆ ಟಿಣ್. ಒಬ್ಬ ಉಳಿ ಹಿಡಿದು ತಿರುಗಿಸುತ್ತ, ಇನ್ನೊಬ್ಬ ಸುತ್ತಿಗೆಯಿಂದ ಹೊಡೆಯುವಾಗ ಬರುವ ತಾಳ.

ಗುಡ್ಡದೊಳಗೆ ಕಬ್ಬಿಣ ಇಳಿದಿರುವಷ್ಟು ಹೊತ್ತು ಗುಡ್ಡ ಮಾತಾಡುವುದಿಲ್ಲ. ಇದು ಊರಿನಲ್ಲಿ ಎಲ್ಲರಿಗೂ ಗೊತ್ತು. ಗಣಿ ನಡೆಯುವ ದಿನ ಯಾರನ್ನೂ ಕರೆಸುವುದಿಲ್ಲ. ಅಮಾವಾಸ್ಯೆಗೆ ಗಣಿ ಮುಚ್ಚಿರುತ್ತದೆ, ಹಾಗಾಗಿ ಆ ದಿನದ ಮೌನವನ್ನು ನಾವು ಕಣ್ಣುಮುಚ್ಚಿ ನಂಬಿದ್ದೆವು.

‘ಎಲ್ಲೋ ಮದ್ದು ತುಂಬಕ್ಕೆ ಕುಳಿ ಹೊಡೀತಿದಾರೆ’ ಎಂದೆ. ‘ಗಣಿಯಲ್ಲಲ್ಲ. ಸದ್ದು ಬೆನ್ನಿನ ಕಡೆಯಿಂದ ಬರ್ತಿದೆ. ಸೇತುವೆಯ ಕಾಲಿನ ಹತ್ತಿರ.’

‘ಅಲ್ಲಿ ಗುರುಬಸು ಅವ್ನಲ್ಲ!’ ಎಂದರು ಒಬ್ಬರು. ‘ಯಾರಾದ್ರೂ ಬಂದಿದ್ರೆ ಸೀಟಿ ಊದಿರ್ತಿದ್ದ.’

ನನಗೆ ಮೂರು ಸ್ಟೀಲು ಲೋಟ ಕಣ್ಣ ಮುಂದೆ ಬಂದುವು. ಸಿಡಿಮದ್ದಿನ ಕೋಣೆಯ ಬೀಗ, ಐದು ಅಮಾವಾಸ್ಯೆ. ನಾನು ಮಾತನ್ನು ತೂಗಿ ಆಡುವವಳು. ಆದ್ದರಿಂದ ‘ಗುರುಬಸು ದ್ರೋಹಿ’ ಎನ್ನಲಿಲ್ಲ. ‘ಬೆಳಿಗ್ಗೆ ಗುರುಬಸು ನಾಲ್ಕು ಅಂತಸ್ತಿನ ಊಟ, ಮೂರು ಲೋಟ ತಗೊಂಡು ಹೋದ. ನಾನು ನೋಡಿದೆ’ ಎಂದೆ. ಉಳಿದದ್ದನ್ನು ಅವರೇ ಕೂಡಿಸಿಕೊಂಡರು.

ಆಮೇಲಿನ ಒಂದು ಗಂಟೆಯನ್ನು ನೆನೆದರೆ ಈಗಲೂ ನನಗೆ ಹೆಮ್ಮೆ. ಎಸ್‌ಐ ಮೊದಲು ಮಾಡಿದ ಕೆಲಸ ಠಾಣೆಗೆ ಒಬ್ಬ ಕಾನ್‌ಸ್ಟೇಬಲನನ್ನು ಓಡಿಸಿ, ವೈರ್‌ಲೆಸ್ಸಿನಲ್ಲಿ ಮೂರು ಗಂಟೆಯ ಲಾರಿಗಳನ್ನು ಹಿಂದಿನ ಊರಿನಲ್ಲೇ ನಿಲ್ಲಿಸಿದ್ದು. ಅದು ಹಾಲಪ್ಪ ಮಾವನ ಕೈಲಿ ಆಗದ ಕೆಲಸ. ಕಮರಿಗೆ ಇಳಿಯುವ ಏಳು ಕಾಲುದಾರಿಗಳಿಗೆ ಐದೈದು ಜನರನ್ನು ಸದ್ದಿಲ್ಲದೆ ಕಳಿಸಿದ್ದು ಮಾವ. ಅದು ಎಸ್‌ಐ ಕೈಲಿ ಆಗದ ಕೆಲಸ. ಅವರ ನಕ್ಷೆಯಲ್ಲಿ ಇದ್ದುದು ಎರಡೇ ದಾರಿ. ‘ಯಾರೂ ಮೈ ಮುಟ್ಟಬಾರದು. ದಾರಿ ಕಟ್ಟಿ ನಿಲ್ಲಿ, ಸೀಟಿ ಊದಿ, ಅಷ್ಟೇ’ ಎಂದರು ಎಸ್‌ಐ. ಮಾವ ಅದನ್ನು ತಮ್ಮ ಭಾಷೆಯಲ್ಲಿ ಕೂಟಕ್ಕೆ ಹೇಳಿದರು: ‘ಯಾವನಾದ್ರೂ ಕೈ ಎತ್ತಿದ್ರೆ, ಅವನ ಕೈಪಟ್ಟಿ ನಾನೇ ಬಿಚ್ಚಿಸ್ತೀನಿ.’ ತಿಮ್ಮರಾಜುವಿನ ಹಗ್ಗ ಬಿಚ್ಚಿದ್ದು ಯಾರೆಂದು ನನಗೆ ಗೊತ್ತಿಲ್ಲ. ನಾನು ತಿರುಗಿ ನೋಡಿದಾಗ ಅವನು ಹಗ್ಗವನ್ನು ಅಚ್ಚುಕಟ್ಟಾಗಿ ಸುತ್ತಿ ಕಟ್ಟೆಯ ಮೇಲೆ ಇಟ್ಟು, ಕಣ್ಣು ತೊಳೆದುಕೊಳ್ಳುತ್ತಿದ್ದ.

ಸೇತುವೆಯ ಕಾಲಿನ ಬುಡದಲ್ಲಿ ಮೂರು ಕುಳಿ ಪೂರ್ತಿಯಾಗಿತ್ತು, ನಾಲ್ಕನೆಯದರಲ್ಲಿ ಉಳಿ ಇನ್ನೂ ನಿಂತಿತ್ತು. ಕಲ್ಲಿನ ಸಂದಿಯಲ್ಲಿ ಸಿಡಿಮದ್ದಿನ ಪೆಟ್ಟಿಗೆ, ನಮ್ಮ ಗಣಿಯ ಗುರುತಿನದೇ. ಕುಳಿ ಹೊಡೆಯುತ್ತಿದ್ದ ಇಬ್ಬರು ಸೀಟಿಯ ಸದ್ದು ಕೇಳಿ ಓಡಿದರು. ಯಾವ ದಾರಿಗೆ ಹೋದರೂ ಐದು ಬಿಳಿ ಕೈಪಟ್ಟಿ. ಕೊನೆಗೆ ಅವರೇ ಕೈ ಮೇಲೆತ್ತಿ ಎಸ್‌ಐ ಇದ್ದಲ್ಲಿಗೆ ನಡೆದು ಬಂದರು. ಗುರುಬಸು ಓಡಲಿಲ್ಲ. ಊಟದ ಕ್ಯಾರಿಯರಿನ ಮುಂದೆ ಕೂತೇ ಇದ್ದ.

‘ನನ್ನ ತಮ್ಮ ಗಡಿ ಆ ಕಡೆಯೋರ ಕೈಗೆ ಸಿಕ್ಕವ್ನೆ’ ಎಂದ, ಯಾರೂ ಕೇಳುವ ಮೊದಲೇ. ‘ಇದೊಂದು ಮಾಡಿಕೊಟ್ರೆ ಬಿಡ್ತೀವಿ ಅಂದ್ರು. ಆರು ತಿಂಗಳಾತು. ಹಿಂದೆಲ್ಲ ಊರು ಕರೆದು ಮುಗಿಸಿದ ಮ್ಯಾಲೇ ಉಳಿ ಹಿಡೀತಿದ್ರು, ಇವತ್ತು ಮೂರು ಗಂಟೆ ಲಾರಿ ಅಂತ ಆತುರ ಮಾಡಿದ್ರು.’

‘ಆರು ತಿಂಗಳಲ್ಲಿ ಒಂದು ದಿನ ನಮಗೆ ಹೇಳಕ್ಕೆ ಬಾಯಿ ಇರ್ಲಿಲ್ವೇನ್ಲಾ?’ ಮಾವನ ದೊಣ್ಣೆ ಮೇಲೆ ಹೋಯಿತು. ಕೈಪಟ್ಟಿ ಬಿಚ್ಚಿಸುತ್ತೇನೆಂದವರ ಕೈಯೇ ಮೇಲೆದ್ದಿತ್ತು.

‘ಮಾವ’ ಎಂದೆ. ‘ಬೆಳಿಗ್ಗೆ ಒಬ್ಬನ ವಿಷಯದಲ್ಲಿ ತಪ್ಪಿದ್ದೀವಿ. ಸಂಜೆಯೊಳಗೆ ಇನ್ನೊಂದು ಬೇಡ.’

ದೊಣ್ಣೆ ಕೆಳಗಿಳಿಯಿತು. ಎಸ್‌ಐ ಗುರುಬಸುವಿಗೆ ಬೇಡಿ ಹಾಕಿದರು. ಕಾನ್‌ಸ್ಟೇಬಲ್ ನಾಲ್ಕನೇ ಕುಳಿಯಿಂದ ಉಳಿಯನ್ನು ಎಳೆದು ತೆಗೆದ. ಜೀಪಿನ ಹತ್ತಿರ ಹೋಗುವಾಗ ಗುರುಬಸು ನಿಂತ. ‘ಸ್ವಾಮಿ, ಒಂದ್ಸಲ ಕರೀಲಾ?’ ಎಂದ. ಎಸ್‌ಐ ನನ್ನ ಮುಖ ನೋಡಿದರು. ನಾನು ಸೇತುವೆಯ ಕಾಲಿಗೆ ಅಂಟಿದ ಬಂಡೆಗೆ ಕಿವಿಯಿಟ್ಟೆ.

‘ಅವ್ವಾ’ ಎಂದ ಗುರುಬಸು, ಮೆಲ್ಲಗೆ.

ಗುಡ್ಡ ‘ಓ’ ಎಂದಿತು. ಅಷ್ಟು ಹತ್ತಿರದಿಂದ, ಅಷ್ಟು ಮುದ್ದಾಗಿ ಅದು ಓಗೊಟ್ಟಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ತನ್ನ ಪಾದಕ್ಕೆ ಮೂರು ತೂತು ಕೊರೆಸಿದವನಿಗೆ.

‘ಬಂತಾ?’ ಎಂದರು ಮಾವ.

ಇಲ್ಲ ಎಂದಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತು. ಊರಿಗೂ ಆಗುತ್ತಿತ್ತು. ‘ಬಂತು ಮಾವ’ ಎಂದೆ. ಅವರು ದೊಣ್ಣೆಯನ್ನು ಊರಿಕೊಂಡು ಕಮರಿಯ ಕಡೆ ನೋಡುತ್ತ ನಿಂತರು. ಗುಡ್ಡ ತನ್ನವರಿಗೆ ಓಗೊಡುತ್ತದೆ ಎಂದು ಮಾತ್ರ ಹಿರಿಯರು ಹೇಳಿದ್ದರು. ಒಳ್ಳೆಯವರಿಗೆ ಎಂದು ಅವರ್ಯಾರೂ ಹೇಳಿರಲಿಲ್ಲ. ಅದನ್ನು ಸೇರಿಸಿಕೊಂಡವರು ನಾವು.

ಆ ತಿಂಗಳಲ್ಲಿ ಕೆಲವು ಬದಲಾವಣೆಗಳಾದುವು. ಹಿಡಿದವರನ್ನು ಗೋದಾಮಿನಲ್ಲಿ ಇಡುವುದು ನಿಂತಿತು; ಠಾಣೆಗೆ ಕರೆತಂದು ಒಪ್ಪಿಸುವುದು, ಅಲ್ಲಿ ನಾನೋ ಮಾವನೋ ಕೂತು ನೋಡಿದ್ದಷ್ಟನ್ನು ಹೇಳಿ ಬರುವುದು. ಸೇತುವೆಯ ಕಾವಲನ್ನು ಒಬ್ಬನೇ ಎರಡು ಸಲ ಮಾಡುವಂತಿಲ್ಲ, ಎಷ್ಟೇ ಒಳ್ಳೆಯವನಾದರೂ. ಲಾರಿಯಲ್ಲಿ ಹೋದ ಇಬ್ಬರ ಹೆಸರನ್ನು ನಾನು ಎಸ್‌ಐಗೆ ಕೊಟ್ಟೆ. ಅವರು ಮೇಲಿನವರಿಗೆ ಕಾಗದ ಬರೆದಿದ್ದಾರೆ, ಉತ್ತರ ಬಂದಿಲ್ಲ, ಮತ್ತೆ ಬರೆಯುತ್ತಿದ್ದಾರೆ. ಗುರುಬಸುವಿನ ತಮ್ಮನ ಹೆಸರೂ ಆ ಕಾಗದದಲ್ಲಿದೆ. ಕೊನೆಯದು ಮಾವನೇ ಕೂಟದ ಮುಂದೆ ಇಟ್ಟದ್ದು. ಪ್ರತಿ ಅಮಾವಾಸ್ಯೆ, ಹೊರಗಿನವರನ್ನು ಕರೆಸುವ ಮೊದಲು, ಗುಡ್ಡ ಮಾತಾಡುತ್ತಿದೆಯೇ ಎಂದು ತಿಳಿಯಲು ಊರಿನ ಇಬ್ಬರು ಕರೆಯಬೇಕು. ‘ಒಬ್ಬ ನಾನು’ ಎಂದರು. ‘ಇನ್ನೊಬ್ಬಳು ಚಂಪಾ. ಹೋದ ಸಲ ಅವಳಿಗೆ ಓಗೊಡದಿದ್ದದ್ದು ಕಬ್ಬಿಣದ ದೆಸೆಯಿಂದ ಅಂತ ಎಲ್ಲಾರ್ಗೂ ಗೊತ್ತಾಗ್ಲಿ. ನಮ್ಮ ಹುಡುಗಿ ಮ್ಯಾಲೆ ಒಂದು ಮಾತು ಉಳಿಯಬಾರದು.’

ನನಗೆ ಒಳ್ಳೆಯದನ್ನೇ ಬಯಸಿ ಹೇಳಿದ್ದರು. ಆ ಇಪ್ಪತ್ತೊಂಬತ್ತು ದಿನ ನಾನು ಬಾಗಿಲನ್ನು ಮೂರಲ್ಲ, ಆರು ಸಲ ಎಳೆದು ನೋಡಿದೆ.

ಅಮಾವಾಸ್ಯೆ ಬಂತು. ಎಸ್‌ಐ ಆ ದಿನ ಗಡಿಗೆ ಹೋಗಿದ್ದರು. ಕಿವಿಗಲ್ಲಿನ ಮುಂದೆ ನಾನೊಬ್ಬಳೇ. ಮೊದಲು ನಾನು ಕರೆದೆ, ಕರೆದವಳೇ ಮಂಡಿಯೂರಿ ಕಿವಿಯಿಟ್ಟೆ. ಕಬ್ಬಿಣದ ಸದ್ದಿಗಾಗಿ ಹುಡುಕಿದೆ. ಎಲ್ಲೂ ಇರಲಿಲ್ಲ. ಗುಡ್ಡ ಎಚ್ಚರವಾಗಿತ್ತು, ನೋವಿಲ್ಲದೆ ಇತ್ತು. ಬಾಗಿಲಲ್ಲಿ ನಿಂತು ನನ್ನನ್ನು ನೋಡಿತು, ಮಾತಾಡಲಿಲ್ಲ. ಮೂವತ್ತರವರೆಗೆ ಎಣಿಸಿದೆ, ಆಮೇಲೆ ಅರವತ್ತರವರೆಗೆ. ಮಾವ ಕರೆದರು. ತಕ್ಷಣ, ಬಂಡೆಯೇ ಬೆಚ್ಚಗಾದ ಹಾಗೆ, ‘ಓ’ ಬಂತು.

ತಲೆ ಎತ್ತಿದೆ. ನಲವತ್ತು ಮುಖಗಳೂ ನಗಲು ಸಿದ್ಧವಾಗಿ ಕಾಯುತ್ತಿದ್ದುವು. ಎರಡಕ್ಷರ ಸಾಕಿತ್ತು, ಬಂತು ಎಂದು. ಆ ಬಯಲಿನಲ್ಲಿ ಅದನ್ನು ಸುಳ್ಳೆನ್ನಬಲ್ಲ ಕಿವಿ ಒಂದೂ ಇರಲಿಲ್ಲ. ನನ್ನ ಕಿವಿ ಒಂದನ್ನು ಬಿಟ್ಟು.

‘ಮಾವನಿಗೆ ಬಂತು’ ಎಂದೆ. ‘ನನಗೆ ಬರಲಿಲ್ಲ.’

ಹಾಲಪ್ಪ ಮಾವ ಕೈಯನ್ನು ಕಿವಿಯ ಹಿಂದಕ್ಕೆ ತಂದರು. ‘ಏನಂದೆ? ಇನ್ನೊಂದ್ಸಲ ಹೇಳು.’

ಅವರಿಗೆ ನಿಜವಾಗಿಯೂ ಕೇಳಿಸಿರಲಿಲ್ಲವೋ, ನನಗೆ ಮಾತು ಬದಲಿಸಲು ಅವಕಾಶ ಕೊಟ್ಟರೋ, ಇಂದಿಗೂ ನಾನು ಕೇಳಿಲ್ಲ. ಎದ್ದು ನಿಂತು, ತರಗತಿಯ ಕೊನೆಯ ಬೆಂಚಿಗೂ ಮುಟ್ಟುವ ದನಿಯಲ್ಲಿ, ಒಂದೊಂದು ಪದವನ್ನೂ ಬಿಡಿಸಿ ಹೇಳಿದೆ: ‘ಗುಡ್ಡ ಮಾತಾಡ್ತಿದೆ. ನಿಮಗೆ ಓಗೊಟ್ಟಿತು. ನನಗೆ ಓಗೊಡಲಿಲ್ಲ.’

ಭಟ್ಟಿಯ ಕಡೆಯಿಂದ ಗಾಳಿ ಬೀಸಿ, ಎಲ್ಲರ ಮೇಲೂ ಒಂದು ಪದರ ಬಿಳಿ ಹುಡಿ ಕೂತಿತು. ಮಾವ ಪೇಟವನ್ನು ಕೊಡವಿ ತಲೆಗೆ ಸುತ್ತಿಕೊಂಡು, ಜನರ ಕಡೆ ತಿರುಗಿದರು.

‘ಕೇಳಿಸ್ತಲ್ಲ? ಮುಂದಕ್ಕೂ ಕೇಳೋಳು ಇವಳೇ’ ಎಂದರು. ‘ಮುಂದಿನೋರು ಯಾರ್ರಪ್ಪ, ಬರ್ರಿ.’

ಗುಂಪಿನಿಂದ ತಿಮ್ಮರಾಜು ಮುಂದೆ ಬಂದ. ಕೈಯಲ್ಲಿ ಅರ್ಧ ಹೆಣೆದ ಜರಡಿ ಹಾಗೇ ಇತ್ತು. ಕಟ್ಟೆ ಹತ್ತಿ, ಗಂಟಲು ಸರಿಮಾಡಿಕೊಂಡು ನನ್ನ ಕಡೆ ನೋಡಿದ. ನಾನು ಕೆನ್ನೆಯ ಮೇಲಿನ ಹುಡಿ ಒರೆಸಿಕೊಂಡು, ಬಂಡೆಗೆ ಕಿವಿಯಿಟ್ಟು, ‘ಕರಿ’ ಎಂದೆ.